ಕಸಿಗಂಟಿನ ಕೆಳಗಿನ ಚಿಗುರು

ಮಕ್ಕಳೇ, ನಿಮ್ಮ ತಾತನಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಅದನ್ನು ನಂಬಿ ಅವರು ತಾವೇ ಬೆಳೆಸಿದ ಬಳ್ಳಿಯನ್ನು ಕತ್ತರಿಸಿದರು.

ಕೋಗಿಲು ಊರಿನ ನಮ್ಮ ಮನೆಯ ಹಿತ್ತಲ ಚಪ್ಪರದಲ್ಲಿ ಹಬ್ಬಿರುವ ಕಪ್ಪು ದ್ರಾಕ್ಷಿ ನಿಮಗೆ ಗೊತ್ತು. ಮೊದಲು ಅಲ್ಲಿದ್ದದ್ದು ಅದಲ್ಲ. ತಾತ ಕೆಲಸಕ್ಕಿದ್ದ ವೈನ್ ತೋಟಕ್ಕೆ ಸ್ಪೇನ್ ದೇಶದಿಂದ ಗೊದೆಯೊ ಎಂಬ ಬಿಳಿ ದ್ರಾಕ್ಷಿಯ ಕಡ್ಡಿಗಳು ಬಂದಿದ್ದವು. ಹೆಸರು ಕೇಳಿದವರಿಲ್ಲ ಎಂದು ತೋಟದವರು ಕೈಬಿಟ್ಟಾಗ, ತಾತ ಒಂದು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟರು. ಹಸಿರು-ಹಳದಿಯ ಸಣ್ಣ ಗೊಂಚಲು. ಬೆಳಕಿಗೆ ಹಿಡಿದರೆ ಒಳಗಿನ ಬೀಜ ಕಾಣುತ್ತಿತ್ತು. ಮೊದಲ ಒಳ್ಳೆಯ ಫಸಲನ್ನು ಹಿಂಡಿ, ಜಾಡಿಯಲ್ಲಿಟ್ಟು, ವೈನ್ ಆಗಲೆಂದು ತಿಂಗಳುಗಟ್ಟಲೆ ಕಾದರು.

ಒಂದು ಸಂಜೆ ಲೋಟದ ತಳದಲ್ಲಿ ಸ್ವಲ್ಪ ತಂದು ನನ್ನೆದುರು ಹಿಡಿದರು. "ನಂಗೇನೋ ಸಂದಾಕೈತೆ. ನೀನೊಂದ್ ಗುಟುಕು ಕುಡ್ದು ಎಂಗೈತೆ ಏಳು."

ಜಗುಲಿಯಿಂದ ನಮ್ಮತ್ತೆ ಕೂಗಿದರು: "ಎಂಡ್ತೀಗೂ ಕುಡ್ಸೋಕ್ ನಿಂತ್ಯೇನ್ಲಾ? ಅಂಗೇ ನಂಗೂ ಒಂದ್ ಲೋಟ ಮಡಗು!"

ತಾತ ನಕ್ಕರು. ನನಗೆ ಮಾತ್ರ ಮೈಯೆಲ್ಲ ಬಿಸಿಯಾಯಿತು. ಲೋಟ ಹಿಡಿದು ಅಡುಗೆಮನೆಗೆ ಹೋದೆ. ದೇವರ ಎಡೆಗೆ ಮಾಡಿದ್ದನ್ನು ನಾವು ಬಾಯಿಗಿಟ್ಟು ನೋಡುವುದಿಲ್ಲವಲ್ಲ — ಉಪ್ಪು, ಹುಳಿ ಎಲ್ಲವನ್ನೂ ಮೂಗಿನಲ್ಲೇ ಅಳೆಯುತ್ತೇವೆ. ಹಾಗೇ ಮೂಸಿದೆ. ಸೀಬೆಹೂವೋ, ನೆಂದ ಕಲ್ಲೋ, ಎಲ್ಲೋ ದೂರದಲ್ಲಿ ಯಾರೋ ಸುಲಿಯುತ್ತಿರುವ ಚಕ್ಕೋತವೋ — ಎಲ್ಲಿ ನಿಂತಿದ್ದೇನೆಂಬುದೇ ಒಂದು ಗಳಿಗೆ ಮರೆತುಹೋಯಿತು. ಇಷ್ಟೊಂದು ಇಷ್ಟವಾಗಬಾರದು ಅನ್ನಿಸಿತು. ಹೆದರಿಕೆಯೋ, ನಾಚಿಕೆಯೋ — ಈಗ ಏನಂದರೂ ನೆಪವೇ. ಬಾಯಿಗಿಡದೆಯೇ ಬಚ್ಚಲಿಗೆ ಸುರಿದುಬಿಟ್ಟೆ.

ಹೊರಗೆ ಬಂದು ಅಂದೆ: "ಬರೀ ಉಳಿ. ಬಾಯ್ಗಿಡಂಗಿಲ್ಲ."

ಅವರ ಮುಖದ ನಗು ಮೆಲ್ಲಗೆ ಇಳಿಯಿತು. "ನಿನ್ ನಾಲ್ಗೆ ಸುಳ್ಳೇಳಲ್ಲ. ನಂಗೇ ಬ್ರಮೆ ಇರ್ಬೇಕು, ಬುಡು."

ಬಳ್ಳಿ ಸವರುವ ಕಾಲ ಬಂದಾಗ ಬುಡದಿಂದ ಮೊಳದಷ್ಟು ಉಳಿಸಿ ಕತ್ತರಿಸಿ, ಅದರ ಮೇಲೆ ಕಪ್ಪು ದ್ರಾಕ್ಷಿಯ ಕಸಿ ಕಟ್ಟಿದರು. "ಗಂಟಿನ ಕೆಳ್ಗೆ ಚಿಗುರು ಬಂದ್ರೆ ಕಿತ್ತಾಕು" ಎಂದರು. ಅವರು ಹೋದ ಮೇಲೂ ಕೀಳುತ್ತಲೇ ಬಂದೆ.

ಮೊನ್ನೆ, ಸಿಂಚನಾ, ನೀನು ಪ್ರವಾಸದಿಂದ ತಂದ ಬಾಟಲಿಗೂ ಅದೇ ಹೆಸರು. "ಇಲ್ಲಿ ಯಾರ್ಗೂ ಗೊತ್ತಿಲ್ದಿರೋ ದ್ರಾಕ್ಷಿ ಅಜ್ಜಿ, ಒಂದೇ ಒಂದು ಸಿಪ್" ಎಂದು ಲೋಟ ಕೊಟ್ಟೆ. ಈ ಸಲ ನಾನು ಕುಡಿದೆ. ಮೊದಲು ತಣ್ಣಗೆ, ಆಮೇಲೆ ಹಣ್ಣಾದ ಮರಸೇಬು, ಕೊನೆಗೆ ಬಾದಾಮಿ ಸಿಪ್ಪೆಯಷ್ಟು ಕಹಿ. ಆ ಸಂಜೆಯೇ ಮೆಲ್ಲಮೆಲ್ಲಗೆ ಗಂಟಲಲ್ಲಿ ಇಳಿದ ಹಾಗೆ... ಅವರಿಗೆ ಭ್ರಮೆಯಾಗಿರಲಿಲ್ಲ. ನನ್ನ ಕಣ್ಣು ನೋಡಿ ನೀನು "ಖಾರ ಆಯ್ತಾ?" ಎಂದು ನಕ್ಕೆ. ನಾನು ಹೌದೆಂದು ತಲೆಯಾಡಿಸಿಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲವೂ ಗಂಟಿನ ಕೆಳಗೆ ಒಂದು ಚಿಗುರು ಬಂದಿದೆ. ಕೆಳಗಿರುವುದು ಇನ್ನೂ ಅವರು ನೆಟ್ಟ ಗೊದೆಯೊ ಕಾಂಡವೇ. ಕೀಳಲಿಲ್ಲ. ಪಕ್ಕದಲ್ಲಿ ಕೋಲು ನೆಟ್ಟು, ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದ್ದೇನೆ. ಅದು ಕಾಯಿಬಿಡುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ —

ಅದನ್ನು ಯಾರೂ ಕೀಳಬೇಡಿ.