ಎರಡನೆಯ ಸಲ ಹೊಲಿದ ರಾಕ್ಷಸ

ನನ್ನ ಯಜಮಾನರು ತೀರಿಹೋದಾಗ ಒಂದು ಸಿನಿಮಾದಲ್ಲಿ ರಾಕ್ಷಸನ ಪಾತ್ರ ಮಾಡುತ್ತಿದ್ದರು. ಹೀಗೆಂದರೆ ಕೇಳಿದವರಿಗೆ ಮೊದಲು ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ಮುಖ ಸಣ್ಣದಾಗುತ್ತದೆ. ನಾನೇನೂ ಅಂದುಕೊಳ್ಳುವುದಿಲ್ಲ. ಮನೆಯಲ್ಲಿ ನಾವೂ ನಕ್ಕಿದ್ದೇವೆ.

ಕಡೂರಿನಲ್ಲಿ ಮದುವೆ ವಿಡಿಯೋ ತೆಗೆಯುವವನೊಬ್ಬ ಗೆಳೆಯರನ್ನು ಸೇರಿಸಿಕೊಂಡು ಮಾಡುತ್ತಿದ್ದ ಸಿನಿಮಾ ಅದು. ಎಲ್ಲರಿಗೂ ಬೇರೆ ಕೆಲಸವಿದ್ದದ್ದರಿಂದ ಶೂಟಿಂಗ್ ಭಾನುವಾರ ಮಾತ್ರ, ಅದೂ ಮದುವೆ ಮುಹೂರ್ತವಿಲ್ಲದ ಭಾನುವಾರ. ಕತೆ ಇಷ್ಟೆ: ಹಳೆಯ ಕೆರೆಯೊಂದರಲ್ಲಿ ಯಾರಿಗೂ ಕೇಡು ಮಾಡದ ರಾಕ್ಷಸನಿದ್ದಾನೆ. ಪೇಟೆಯಿಂದ ಬಂದ ಎಳೆವಯಸ್ಸಿನ ಪತ್ರಕರ್ತೆ ಅವನನ್ನು ಕಂಡು ಪೇಪರಿನಲ್ಲಿ ಬರೆಯುತ್ತಾಳೆ. ಓದಿದವರೆಲ್ಲ ದೊಣ್ಣೆ ಹಿಡಿದು ಬರುತ್ತಾರೆ. ಕೊನೆಗೆ ಅವಳೊಬ್ಬಳೇ ಕೆರೆ ಏರಿಗೆ ಬಂದು ಅವನ ಪಕ್ಕ ಕೂರುತ್ತಾಳೆ. ಪತ್ರಕರ್ತೆಯಾದವಳು ಬಿ.ಎಡ್. ಓದುತ್ತಿದ್ದ ಹುಡುಗಿ. ರಾಕ್ಷಸನಿಗೆ ಎತ್ತರದ ಆಳು ಬೇಕಿತ್ತು. ಲಾರಿಯಲ್ಲಿ ತರೀಕೆರೆಗೆ ತೆಂಗಿನಕಾಯಿ ಲೋಡು ಹೊಡೆಯುತ್ತಿದ್ದ ನಮ್ಮವರು ಆ ವಿಡಿಯೋದವನ ಕಣ್ಣಿಗೆ ಬಿದ್ದರು.

ಅಜ್ಜಂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಟೈಲರಿಂಗ್ ಮಾಡುತ್ತೇನೆ. ಹಾಗಾಗಿ ರಾಕ್ಷಸನ ಅಂಗಿಯೂ ನನ್ನ ಪಾಲಿಗೇ ಬಂತು. ಗೋಣಿತಾಟನ್ನು ಮೈಯಳತೆಗೆ ಕತ್ತರಿಸಿ, ಅದರ ಮೇಲೆ ತೆಂಗಿನ ನಾರನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ, ಸಾಲುಸಾಲಾಗಿ ಕೈಯಲ್ಲೇ ಹೊಲಿದೆ. ಮುಖಕ್ಕೂ ನಾರೇ, ಕಣ್ಣಿಗೆ ಎರಡು ತೂತು.

"ಹೆಂಗ್ ಕಾಣ್ತೀನಿ ಕಣೇ?" ಎಂದರು ತೊಟ್ಟುಕೊಂಡು.

"ಸುಮ್ನೆ ನಾರು ದಂಡ ಆಯ್ತು ಕಣ್ರೀ. ಹಂಗೇ ನಿಂತಿದ್ರೂ ಸಾಕಿತ್ತು."

ಅತ್ತೆ ಅಡುಗೆಮನೆಯಿಂದಲೇ, "ಹುಟ್ಟಿದಾಗ್ಲೂ ಹಿಂಗೇ ಇದ್ದ ಕಣೇ ಇವ್ನು, ಮೈತುಂಬ ಕೂದ್ಲು," ಎಂದರು.

ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿನಲ್ಲಿ ಶೂಟಿಂಗ್ ನಡೆದ ದಿನ ಅಮೃತಮಹಲ್ ತಳಿಯ ಹಸುವೊಂದು ಕೊಂಬು ಬಗ್ಗಿಸಿ ಇವರನ್ನು ಅಟ್ಟಿಸಿಕೊಂಡು ಬಂತಂತೆ. ರಾಕ್ಷಸ ಬೇಲಿ ಹಾರಿ ಓಡಿದ. ಆ ಓಟ ಸಿನಿಮಾದಲ್ಲಿ ಹಾಗೆಯೇ ಇದೆ, ಊರವರು ದೊಣ್ಣೆ ಹಿಡಿದು ಬರುವ ಕಡೆ ಸೇರಿಸಿದ್ದಾರೆ.

ಕೆರೆ ಏರಿಯ ದೃಶ್ಯವೊಂದು ಬಾಕಿ ಇತ್ತು. ಅಷ್ಟರಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲ.

ಸತ್ತವರು ತೊಟ್ಟ ಬಟ್ಟೆಯನ್ನು ನಮ್ಮಲ್ಲಿ ಮನೆಯೊಳಗೆ ಉಳಿಸಿಕೊಳ್ಳುವುದಿಲ್ಲ. ಮಣ್ಣು ಮಾಡಿ ಬಂದ ಮೇಲೆ ನೆಂಟರು ಅವರ ಹಾಸಿಗೆ, ಪಂಚೆ, ಅಂಗಿಗಳನ್ನು ಸುಡಲು ತೋಟದ ಮೂಲೆಗೆ ಒಯ್ದರು. ಕೊಟ್ಟಿಗೆಯ ಗೂಟದಲ್ಲಿ ತೂಗುತ್ತಿದ್ದ ನಾರಿನ ಅಂಗಿಯನ್ನು ಏನು ಮಾಡುವುದೆಂದು ಯಾರೋ ಕೇಳಿದರು.

"ಅದನ್ನೂ ಅವ್ನೇ ಅಲ್ವಾ ತೊಟ್ಟಿದ್ದು," ಎಂದರು ಅತ್ತೆ.

ಅವರ ಲೆಕ್ಕದಲ್ಲಿ ಅದು ಸರಿ. ಸಿನಿಮಾಕ್ಕೆ ಅದಿನ್ನೂ ಬೇಕೆಂಬುದು ಆ ಹೊತ್ತಿನಲ್ಲಿ ಯಾರಿಗೆ ಹೊಳೆಯಬೇಕು? ಒಳಗೆ ಕೂತಿದ್ದ ನನಗೆ ಹೊಗೆಯ ವಾಸನೆಯಿಂದಲೇ ತಿಳಿಯಿತು. ಒಣನಾರು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಉರಿದುಹೋಗಿತ್ತು.

ಆಮೇಲೊಂದು ದಿನ ಸಿನಿಮಾದ ನಿರ್ದೇಶಕ, ಅದೇ ವಿಡಿಯೋ ಹುಡುಗ, ಬಂದ. ಕಾಫಿ ಆರಿದರೂ ಅಂಗಿಯ ಮಾತೆತ್ತಲಿಲ್ಲ. ಸುಟ್ಟ ವಿಷಯವನ್ನು ನಾನೇ ಹೇಳಿದೆ.

"ಹೋಗ್ಲಿ ಬಿಡಿ ಅಕ್ಕ. ಏನಾದ್ರೂ ಮಾಡ್ತೀನಿ."

"ಏನ್ ಮಾಡ್ತೀಯಪ್ಪಾ?"

"ಗೊತ್ತಿಲ್ಲ." ಲೋಟ ಕೆಳಗಿಟ್ಟ. "ಇನ್ನೊಂದು ಹೊಲ್ದು ಕೊಟ್ರೆ ಬೇರೆಯವ್ರು ಮಾಡ್ಬೋದು. ಮುಖ ಕಾಣಲ್ವಲ್ಲ, ಯಾರ್ಗೂ ಗೊತ್ತಾಗಲ್ಲ ಅಕ್ಕ."

ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ನನ್ನನ್ನು ಕೊರೆಯಿತು. ಹೊಲಿದರೆ ನಮ್ಮವರ ವೇಷದೊಳಗೆ ಇನ್ನೊಬ್ಬರು ಬಂದು ಸೇರುತ್ತಾರೆ. ಇವರೆಲ್ಲಿ ಮುಗಿದರು, ಅವರೆಲ್ಲಿ ಶುರುವಾದರು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಹೊಲಿಯದಿದ್ದರೆ ಸಿನಿಮಾ ಆ ಹುಡುಗನ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಫೋಟೋಗಳಿವೆ, ಆದರೆ ಎಲ್ಲದರಲ್ಲೂ ಅವರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಅವರು ನಡೆದಾಡುವುದು ಆ ನಾರಿನೊಳಗೆ ಮಾತ್ರ.

ಕೊನೆಗೆ ಗೋಣಿತಾಟು ತರಿಸಿದೆ. ಈಗಿರುವಂತೆ ಬಿಟ್ಟರೆ ಕತೆ ದೊಣ್ಣೆಯವರ ಮುಂದೆ ರಾಕ್ಷಸ ಓಡುವಲ್ಲಿಗೇ ನಿಲ್ಲುತ್ತಿತ್ತು. ಅವರನ್ನು ಹಾಗೆ ಓಡಿಸುತ್ತಲೇ ಇರಲು ನನಗೆ ಮನಸ್ಸಾಗಲಿಲ್ಲ.

ತೊಡುವುದಕ್ಕೆ ಒಪ್ಪಿಕೊಂಡವರು ನಮ್ಮವರ ಜೊತೆ ಲೋಡು ಹೊಡೆಯುತ್ತಿದ್ದ ಸ್ನೇಹಿತರೊಬ್ಬರು. ಹೊಲಿದು ಮುಗಿದ ಮೇಲೆ ಬಂದು ಹಾಕಿಕೊಂಡು ನೋಡಿದರು. ತೋಳು ಬೆರಳುಗಳನ್ನು ದಾಟಿ ಇಳಿಬಿದ್ದಿತ್ತು.

"ಅತ್ಗೆ, ಇದು ಅವ್ನಿಗೆ ಹೊಲ್ದಿದ್ದೀರ," ಎಂದರು ಮೆಲ್ಲಗೆ.

ನನ್ನ ಕೈ ಯಾರನ್ನೂ ಕೇಳದೆ ಹಳೇ ಅಳತೆಗೇ ಕತ್ತರಿಸಿತ್ತು. ಟೇಪು ತಂದು ಅವರನ್ನು ನಿಲ್ಲಿಸಿ ಹೆಗಲಿಂದ ಮಣಿಕಟ್ಟಿನವರೆಗೆ ಅಳೆದೆ. ಎಲ್ಲ ಗಿರಾಕಿಗಳಿಗೂ ಮಾಡುವ ಕೆಲಸವೇ, ಅಂದು ಮಾತ್ರ ಬಹಳ ಹೊತ್ತು ಹಿಡಿಯಿತು. ಅವರು ಗೋಡೆ ನೋಡುತ್ತ ಅಲುಗಾಡದೆ ನಿಂತಿದ್ದರು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆ, ಈ ಸಲ ಅವರಿಗೆ.

ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಆ ದೃಶ್ಯ ತೆಗೆದರು. ನಾನು ಹೋಗಲಿಲ್ಲ.

ಸಿನಿಮಾವನ್ನು ಮೊದಲು ತೋರಿಸಿದ್ದು ತರೀಕೆರೆಯ ಒಂದು ಸಮುದಾಯ ಭವನದಲ್ಲಿ. ಅತ್ತೆ ತಾವೂ ಬರುತ್ತೇನೆಂದು ಹೊರಟರು. ಕೊನೆಯಲ್ಲಿರುವುದು ಬೇರೆಯವರೆಂದು ಅವರಿಗೂ ಗೊತ್ತಿತ್ತು. ಕುರ್ಚಿಯಲ್ಲಿ ಕೂತ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಅವ್ನದು ಮುಗಿದ ಕೂಡ್ಲೆ ಹೇಳು ಕಣೇ. ಆಮೇಲಿಂದು ನಾ ನೋಡಲ್ಲ, ಆಚೆ ಕೂತಿರ್ತೀನಿ," ಎಂದರು.

ರಾಕ್ಷಸ ಬೇಲಿ ಹಾರಿದಾಗ ಮಕ್ಕಳೆಲ್ಲ ನಕ್ಕರು. ಅತ್ತೆಯೂ ನಕ್ಕು, "ಓಡೋದ್ರಲ್ಲಿ ಅವ್ರಪ್ಪನ್ನೇ ಹೋಲ್ತಾನೆ," ಎಂದರು. ಆಮೇಲೆ ಕೆರೆ ಏರಿ ಕಾಣಿಸಿತು. ದೂರದಿಂದ ರಾಕ್ಷಸ ನಡೆದು ಬಂದ. ನಮ್ಮವರು ಬಲಗಾಲನ್ನು ಒಂದಿಷ್ಟು ಹೊರಕ್ಕೆ ಹಾಕಿ, ನಿಧಾನಕ್ಕೆ ನಡೆಯುತ್ತಿದ್ದರು. ಈ ಸ್ನೇಹಿತರದು ಚುರುಕು ಹೆಜ್ಜೆ, ಪಾಪ, ನಿಧಾನ ಮಾಡಲು ಕಷ್ಟಪಡುತ್ತಿದ್ದರು. ನಾರಿನೊಳಗಿನವರು ಬದಲಾದದ್ದು ಮೊದಲ ಹೆಜ್ಜೆಗೇ ನನಗೆ ಗೊತ್ತಾಯಿತು.

ಹೇಳಬೇಕೆಂದು ಅತ್ತೆಯ ಕಡೆ ತಿರುಗಿದೆ. ಅವರು ಸೆರಗನ್ನು ಬಾಯಿಗೆ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು. ಪರದೆಯ ಮೇಲೆ ಆ ಹುಡುಗಿ ಬಂದು, ರಾಕ್ಷಸನ ಹೆಗಲಿಗೆ ಅಂಟಿದ್ದ ಹುಲ್ಲುಕಡ್ಡಿಯನ್ನು ತೆಗೆದು ಪಕ್ಕದಲ್ಲಿ ಕೂತಳು. ಇಬ್ಬರೂ ನೀರು ನೋಡುತ್ತಿದ್ದರು. ಓಡಿಸುವವರು ಯಾರೂ ಇರಲಿಲ್ಲ.

ದೀಪ ಹಾಕಿದರು.

"ಅವ್ನದು ಎಲ್ಲಿ ಮುಗೀತೇ? ನೀ ಹೇಳ್ಲೇ ಇಲ್ವಲ್ಲ."

"ಈಗ ಮುಗೀತು ಅತ್ತೆ."

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ಸರಿ," ಎಂದು ಎದ್ದರು. ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ಆ ಸ್ನೇಹಿತರ ಹತ್ತಿರ ಹೋಗಿ, ನಾಳೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬೇಕೆಂದರು.