ಮಧುಗಿರಿ ಬೆಟ್ಟವನ್ನು ಮುಕ್ಕಾಲು ಹತ್ತಿದ್ದು

ನಾನು ಮಧುಗಿರಿ ಬೆಟ್ಟದ ತುದಿ ಮುಟ್ಟಲಿಲ್ಲ. ಮೊಮ್ಮಗಳ ಫೋನಿನಲ್ಲಿರುವ ಫೋಟೋ ನೋಡಿ, ಮುಟ್ಟಿದಳು ಎಂದು ನಮ್ಮ ಬೀದಿಯವರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಮುಕ್ಕಾಲು ಹತ್ತಿ, ಅಂಗಾಲು ಸುಟ್ಟುಕೊಂಡು ವಾಪಸ್ ಬಂದೆ. ಆದರೆ ಇಳಿದದ್ದು ನಾನೇ, ನನ್ನ ಮೈಯನ್ನು ನಾನೇ ಇಳಿಸಿಕೊಂಡು ಬಂದೆ. ಅದನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.

ಈಗ ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳು ನಮ್ಮ ಕಡೆಯ ಬೆಟ್ಟಗಳ ಬುಡದಲ್ಲಿ ಸಾಲಾಗಿ ನಿಲ್ಲುತ್ತವೆ. ಬರುವವರಿಗೆ ಮಧುಗಿರಿಯೇ ದೊಡ್ಡದು. ನನ್ನನ್ನು ಕೇಳಿದರೆ ಹತ್ತಲು ಚನ್ನರಾಯನದುರ್ಗವೇ ಸರಿ. ಅಲ್ಲಿ ದಾರಿ ನಡುವೆ ಮುಳ್ಳಿನ ಪೊದೆಯೊಳಗೆ ಮಾಯವಾಗುತ್ತದೆ, ಬಂಡೆ ತಬ್ಬಿ ಹತ್ತಬೇಕು, ಬಿದ್ದ ಕೋಟೆಗೋಡೆಯ ಸಂದಿಯಲ್ಲಿ ನುಸುಳಬೇಕು. ನನ್ನ ತವರು ಅದರ ಬುಡದಲ್ಲೇ ಇದೆ. ಕುರಿಗಳ ಹಿಂದೆ ಓಡಿ ಓಡಿ ನನ್ನ ಕಾಲು ಗಟ್ಟಿಯಾದದ್ದು ಅಲ್ಲಿ. ತಂಗಿಯ ಮನೆಗೆ ಹೋದಾಗ ಪಾವಗಡದ ಬೆಟ್ಟವನ್ನೂ ಹತ್ತಿದ್ದೇನೆ. ಅಲ್ಲಿ ಹತ್ತುವವರೂ ಇಳಿಯುವವರೂ ಅರ್ಧ ತೆಲುಗಿನಲ್ಲಿ ಏದುಸಿರು ಬಿಡುತ್ತಾರೆ. ಶಿರಾ ಕಡೆ ಬಯಲು, ನನಗೆ ಹತ್ತಲು ಏನೂ ಸಿಗಲಿಲ್ಲ.

ಕೊರಟಗೆರೆಯ ಸಿದ್ದರಬೆಟ್ಟದ ವಿಷಯ ಬೇರೆ. ಅದು ದೇವರ ಬೆಟ್ಟ. ಮೆಟ್ಟಿಲಿದೆ, ಮರದ ನೆರಳಿದೆ, ಮೇಲೆ ಗವಿಯಲ್ಲಿ ಸ್ವಾಮಿ ಇದ್ದಾನೆ. ಚಪ್ಪಲಿಯನ್ನು ಬುಡದಲ್ಲೇ ಬಿಟ್ಟು ಬರಿಗಾಲಲ್ಲಿ ಹತ್ತುವುದು ನಮ್ಮ ಪದ್ಧತಿ. ಮದುವೆಯಾಗಿ ಮಧುಗಿರಿಗೆ ಬಂದಾಗಿನಿಂದ, ಬಿಡುವಿದ್ದ ಸೋಮವಾರಗಳಲ್ಲಿ ಹೋಗಿಬರುತ್ತಿದ್ದೆ. ಗಂಡ ಹೋದ ಮೇಲೂ ಬಿಡಲಿಲ್ಲ.

ಕಳೆದ ಮಳೆಗಾಲದಲ್ಲಿ ಅಲ್ಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಮಂಡಿ ಊದಿತು. ಗುರುತಿಲ್ಲದ ಯಾರೋ ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದರು. ಮಂಡಿ ವಾಸಿಯಾಯಿತು, ಆದರೆ ಅಂದಿನಿಂದ ಸೊಸೆ ನನ್ನನ್ನು ಬೆಟ್ಟಕ್ಕೆ ಬಿಡಲಿಲ್ಲ.

"ದ್ಯಾವ್ರು ಮನೇಲೂ ಅವ್ನೆ ಕಣತ್ತೆ. ಇಲ್ಲೇ ಕೈ ಮುಗೀರಿ," ಎನ್ನುತ್ತಿದ್ದಳು.

"ಮನೇಲಿರೋ ದ್ಯಾವ್ರಿಗೆ ನೀನು ಕೈ ಮುಗಿ. ನಾನು ಹೋಗೋದು ಹತ್ತೋಕೆ," ಎನ್ನುತ್ತಿದ್ದೆ.

ಹೀಗೇ ತಿಂಗಳುಗಳು ಹೋದವು. ಬೆಂಗಳೂರಿನಲ್ಲಿ ನರ್ಸಿಂಗ್ ಓದುವ ಮೊಮ್ಮಗಳು ಒಂದು ಶನಿವಾರ ಹಾಸ್ಟೆಲಿನ ಗೆಳತಿಯರಿಬ್ಬರನ್ನು ಕರೆದುಕೊಂಡು ಬಂದಳು. ಮರುದಿನ ಮಧುಗಿರಿ ಬೆಟ್ಟ ಹತ್ತುತ್ತಾರಂತೆ. ಮದುವೆಯಾದಂದಿನಿಂದ ಅದರ ಬುಡದಲ್ಲೇ ಬಾಳಿದರೂ ನಾನು ಅದನ್ನು ಹತ್ತಿರಲಿಲ್ಲ. ಮೇಲೆ ನನಗೇನು ಕೆಲಸ? ಆದರೆ ತಿಂಗಳುಗಟ್ಟಲೆ ಯಾವ ಬೆಟ್ಟವನ್ನೂ ಹತ್ತದ ಕಾಲು ಕೇಳಬೇಕಲ್ಲ.

"ನಾನೂ ಬತ್ತೀನಿ," ಎಂದೆ.

ಹುಡುಗಿಯರು ನಕ್ಕರು. ಮುದ್ದೆ ತೊಳಸುತ್ತಿದ್ದ ಸೊಸೆ ನಗಲಿಲ್ಲ.

"ಹೋಗ್ಬನ್ನಿ. ಹೋದ್ಸಲದಂಗೆ ಯಾರಾದ್ರೂ ಹೊತ್ಕೊಂಡ್ ಬಂದ್ರೋ, ಸಿದ್ದರಬೆಟ್ಟದ ಹೆಸ್ರು ಈ ಮನೇಲಿ ಎತ್ತಂಗಿಲ್ಲ."

"ನಾನೇ ಇಳ್ದು ಬಂದ್ರೆ?"

"ನಿಮ್ ಸೋಮ್ವಾರದ ತಂಟೆಗೆ ನಾನು ಬರಲ್ಲ."

ನನ್ನ ಸೊಸೆ ಮಾತಿಗೆ ತಪ್ಪುವವಳಲ್ಲ. ಅವಳೊಂದಿಗೆ ಜಗಳ ಆಡುವುದೇ ಅದಕ್ಕೆ.

ಬೆಳಿಗ್ಗೆ ಬೆಟ್ಟದ ಬುಡಕ್ಕೆ ಬಂದವಳೇ ಚಪ್ಪಲಿ ಬಿಟ್ಟೆ.

"ಅಜ್ಜಿ, ಹಾಕ್ಕೋ. ಇದು ಬರೀ ಬಂಡೆ," ಎಂದಳು ಮೊಮ್ಮಗಳು.

"ಚಪ್ಪಲಿ ಮೆಟ್ಕೊಂಡು ಬೆಟ್ಟ ಯಾರ್ ಹತ್ತಾರೆ ಲೇ?"

"ಎಲ್ರೂ ಹತ್ತಾರೆ."

"ನಾನು ಎಲ್ರೂ ಅಲ್ಲ."

ತಪ್ಪು ಮಾಡಿದ್ದು ಅಲ್ಲೇ. ಬೆಟ್ಟವೆಂದರೆ ಬರಿಗಾಲು ಎಂದು ಕಾಲಿಗೆ ರೂಢಿಯಾಗಿಬಿಟ್ಟಿತ್ತು. ಮಧುಗಿರಿ ಒಂದೇ ಬೋಳು ಬಂಡೆ, ಹೇಳಿಕೊಳ್ಳುವಂಥ ನೆರಳಿಲ್ಲ ಎಂಬುದನ್ನು ದಿನವೂ ಕಣ್ಣಾರೆ ನೋಡುತ್ತಿದ್ದವಳು ನಾನೇ.

ಹೊತ್ತು ಏರುವ ಮುನ್ನ ಬಂಡೆ ತಣ್ಣಗಿತ್ತು. ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿದೆವು. ಪ್ರತಿ ಬಾಗಿಲಲ್ಲೂ ಹುಡುಗಿಯರಿಗೆ ಫೋಟೋ ಬೇಕು, ನಾನೂ ನಡುವೆ ನಿಂತು ಮುಖ ಕೊಟ್ಟೆ.

"ನಿಮಗೆ ಸುಸ್ತಾಗಲ್ವಾ ಅಜ್ಜಿ?" ಎಂದು ಒಬ್ಬಳು ಕೇಳಿದಳು.

"ಆಯ್ತದೆ. ಹೇಳಲ್ಲ ಅಷ್ಟೆ."

ಫೋಟೋದಲ್ಲೇ ಹೊತ್ತು ಹೋಯಿತು. ಕಬ್ಬಿಣದ ಸರಳು ಹಿಡಿದು ಹತ್ತುವ ಕಡಿದಾದ ಜಾಗಕ್ಕೆ ಬರುವಷ್ಟರಲ್ಲಿ ಬಂಡೆ ರೊಟ್ಟಿ ಹೆಂಚಿನಂತೆ ಕಾದಿತ್ತು. ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತಾ ನಿಂತೆ.

"ಕುಣೀತಿದ್ದೀಯಾ ಅಜ್ಜಿ?"

ಅಂಗಾಲು ತೋರಿಸಿದೆ. ಮೊಮ್ಮಗಳ ನಗು ನಿಂತಿತು. ತನ್ನ ಶೂ ಬಿಚ್ಚಿ ಕೊಟ್ಟಳು. ನನ್ನ ಅಗಲವಾದ ಪಾದ ಅದರೊಳಗೆ ಅರ್ಧವೂ ಹೋಗಲಿಲ್ಲ.

ತುದಿ ಕಣ್ಣೆದುರಿಗೇ ಇತ್ತು. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಗೋ ಹತ್ತಿಬಿಡುತ್ತಿದ್ದೆ. ಆದರೆ ಇಳಿಯುವಾಗ ಬಿಸಿಲು ಇನ್ನೂ ಏರಿರುತ್ತದೆ, ಆಗ ಯಾರಾದರೂ ಹೊರಲೇಬೇಕಾಗುತ್ತದೆ. ಈ ತುದಿಗೋಸ್ಕರ ನನ್ನ ಸೋಮವಾರಗಳನ್ನೆಲ್ಲ ಕೊಡಲು ನಾನು ತಯಾರಿರಲಿಲ್ಲ. ತಿರುಗಿದೆ.

ಗೆಳತಿಯರು ಮೇಲೆ ಹೋದರು, ಮೊಮ್ಮಗಳು ನನ್ನ ಜೊತೆ ಇಳಿದಳು. ಹೆಗಲ ಮೇಲಿದ್ದ ಟವೆಲನ್ನು ಎರಡಾಗಿ ಹರಿದು, ಬಾಟಲಿ ನೀರಿನಲ್ಲಿ ನೆನೆಸಿ ಪಾದಗಳಿಗೆ ಸುತ್ತಿಕೊಂಡೆ. ಇಳಿಜಾರು ಬಂದಲ್ಲಿ ಕೂತು ಜರುಗಿದೆ. ಸೀರೆ ಸವೆಯಿತು, ಸವೆಯಲಿ. ಕೆಳಗಿನಿಂದ ಬರುತ್ತಿದ್ದ ಗಡ್ಡದ ಗಂಡಸೊಬ್ಬ ನನ್ನನ್ನು ನೋಡಿ ನಿಂತ.

"ಎತ್ಕೊಂಡು ಹೋಗಿ ಕೆಳಗೆ ಬಿಡ್ಲಾ ಅಮ್ಮ?"

"ಮುಟ್ಬ್ಯಾಡ ಕಣಪ್ಪ. ಮುಟ್ಟಿದ್ರೆ ನಾನು ಕೆಟ್ಟೆ."

ಅವನಿಗೆ ಏನೂ ತಿಳಿಯಲಿಲ್ಲ, ಪಾಪ, ಪಕ್ಕಕ್ಕೆ ಸರಿದ. ಮೊಮ್ಮಗಳು ಕಿವಿಯ ಹತ್ತಿರ ಬಂದು, "ಸ್ವಲ್ಪ ದೂರ ಎತ್ಕೊಳ್ಳಲಿ ಬಿಡಜ್ಜಿ. ಅಮ್ಮಂಗೆ ನಾನು ಹೇಳಲ್ಲ," ಎಂದಳು.

"ನಾನು ಹೇಳ್ತೀನಲ್ಲ."

ಅವಳು ಟವೆಲು ಒಣಗಿದಾಗೆಲ್ಲ ನೀರು ಚಿಮುಕಿಸುತ್ತಾ ಬಂದಳು. ಉರಿಯುತ್ತಿತ್ತು. ಹೆಜ್ಜೆ ಹೆಜ್ಜೆಗೂ ಬೈದೆ, ಬಂಡೆಯನ್ನೂ, ನನ್ನ ಬುದ್ಧಿಯನ್ನೂ. ಬೈಯುತ್ತಲೇ ಕೆಳಗಿಳಿದೆ.

ಸೊಸೆ ಬಾಗಿಲಲ್ಲೇ ಇದ್ದಳು.

"ಇದೇನತ್ತೆ ಕಾಲು?"

"ಸುಟ್ಟೈತೆ. ತುದಿ ಮುಟ್ಲಿಲ್ಲ. ಯಾರೂ ಹೊರ್ಲಿಲ್ಲ."

ಅವಳು ಮಗಳ ಮುಖ ನೋಡಿದಳು. ಮಗಳು ಹೌದೆಂದು ತಲೆಯಾಡಿಸಿದಳು. ಸೊಸೆ ಬಕೆಟಿನಲ್ಲಿ ತಣ್ಣೀರು ತಂದಿಟ್ಟು, ನನ್ನ ಪಾದಗಳನ್ನು ಅದರಲ್ಲಿ ಮುಳುಗಿಸಿದಳು. ಟವೆಲಿನ ಚೂರು ಬಿಚ್ಚುತ್ತಾ ಕೇಳಿದಳು.

"ಸಿದ್ದರಬೆಟ್ಟಕ್ಕೂ ಬರಿಗಾಲೇಯಾ?"

"ಅಲ್ಲಿ ನೆಳ್ಳೈತೆ."

"ಹೂಂ," ಎಂದಳು.

ಮರುದಿನ ಸೋಮವಾರ. ಎದ್ದು ತಲೆಗೆ ನೀರು ಹಾಕಿಕೊಂಡು, ಕಾಲಿಗೆ ಹಳೆ ಬಟ್ಟೆ ಕಟ್ಟಿ, ಆಟೋದಲ್ಲಿ ನಿಲ್ದಾಣಕ್ಕೆ ಹೋಗಿ ಕೊರಟಗೆರೆ ಬಸ್ಸು ಹತ್ತಿದೆ. ಸಿದ್ದರಬೆಟ್ಟ ಹತ್ತಲಿಲ್ಲ, ಆ ಕಾಲಲ್ಲಿ ಹತ್ತಲು ನನಗೇನು ಹುಚ್ಚೇ? ಬುಡದಲ್ಲಿ ಒಂದು ಮರದ ಕೆಳಗೆ ಕಾಲು ಚಾಚಿ ಕೂತು, ಹತ್ತುವವರನ್ನು ನೋಡುತ್ತಾ, ಸೊಸೆ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆ.