ಹನ್ನೊಂದನೇ ದಿನದ ಡ್ರಮ್ಮರ್

ಗಜೇಂದ್ರಗಡದ ವೀರೇಶ ಬೆಂಗಳೂರಿನ ನಾಯಂಡಹಳ್ಳಿಯ ವರ್ಕ್‌ಶಾಪೊಂದರಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿದ್ದ. ಪಕ್ಕದ ಗೋಡೌನಿನಲ್ಲಿ ಅದರ ಮಾಲೀಕರ ಮಗ ಮಧುಕುಮಾರ್ ಗಿಟಾರ್ ನುಡಿಸುತ್ತಿದ್ದ, ಚಂದ್ರಾ ಲೇಔಟಿನ ಚೇತನಾ ಹಾಡುತ್ತಿದ್ದಳು. ಹಾಡುವುದೆಂದರೆ ಹೊಟ್ಟೆಯಾಳದಿಂದ ಗುಡುಗುವುದು. ಅದು ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ. ಆ ಗುಡುಗಿನ ಬೆನ್ನಿಗೇ ಮಧುವಿನ ಗಿಟಾರಿನಿಂದ ಕಣ್ಣು ತುಂಬಿಸುವಂಥ ರಾಗವೊಂದು ಏಳುತ್ತಿತ್ತು. ಹೋಳಿ ಹಬ್ಬಕ್ಕೆ ಹಲಗೆ ಬಾರಿಸಿದ್ದಷ್ಟೇ ವೀರೇಶನ ವಿದ್ಯೆ. ಡ್ರಮ್ಮರ್ ಬಾರದ ಒಂದು ಸಂಜೆ ಅವನು ಹೋಗಿ ಡ್ರಮ್ಸಿನ ಮುಂದೆ ಕೂತ. ಮತ್ತೆ ಆ ಜಾಗ ಬಿಟ್ಟುಕೊಡಲಿಲ್ಲ.

ಬ್ಯಾಂಡಿಗೆ, ಸಾವಿನ ತಿಥಿಯನ್ನು ನೆನಪಿಸುವಂತೆ, ‘ಹನ್ನೊಂದನೇ ದಿನ’ ಎಂದು ಹೆಸರಿಟ್ಟರು. ಕಾಲೇಜು ಫೆಸ್ಟುಗಳು, ಪಬ್ಬುಗಳು, ಮೂರನೇ ವರ್ಷಕ್ಕೆ ಪುಣೆಯ ದೊಡ್ಡ ವೇದಿಕೆಯಿಂದ ಕರೆ. ಹೊರಡಲು ಎರಡು ವಾರವಿದ್ದಾಗ ಪ್ರೆಸ್ಸು ವೀರೇಶನ ಬಲಗೈ ಹೆಬ್ಬೆರಳು, ತೋರುಬೆರಳನ್ನು ತೆಗೆದುಕೊಂಡಿತು. ಬದಲಿಗೆ ಬಂದ ಶ್ರೀರಾಮ್‌ಗೆ ಅವನೇ ಆಸ್ಪತ್ರೆಯ ಮಂಚದ ಮೇಲೆ ಎಡಗೈಯಲ್ಲಿ ತಟ್ಟಿ ತಟ್ಟಿ ಎಲ್ಲ ಹಾಡು ಕಲಿಸಿದ. ಪುಣೆಯಲ್ಲಿ ಜನ ಹುಚ್ಚೆದ್ದರಂತೆ.

ವಾಪಸು ಬಂದ ಮಧು, ನಿನ್ನ ಜಾಗ ಯಾರಿಗೂ ಕೊಡಲ್ಲ ಎಂದ. ವೀರೇಶ ಕೈಗೆ ಬ್ಯಾಂಡೇಜಿನಿಂದ ಕೋಲು ಬಿಗಿದುಕೊಂಡು ನಾಲ್ಕು ತಿಂಗಳು ಹೆಣಗಿದ. ಮಧು ಹೆಡ್‌ಫೋನಿಗೆ ಹಾಕಿಕೊಡುತ್ತಿದ್ದ ಟಿಕ್ ಟಿಕ್ ತಾಳದ ವೇಗವನ್ನು ಕೈ ಹಿಡಿಯಲಾರದೇ ಹೋಗುತ್ತಿತ್ತು. ವಾರಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಹಿಡಿಯಿತು. ಒಂದು ಭಾನುವಾರ ಇಡೀ ಹಾಡು ಕೂಡಿಬಂತು. ಅವನು ಮಗುವಿನಂತೆ ನಕ್ಕ.

ಚೇತನಾ ಮೈಕ್ ಕೆಳಗಿಟ್ಟಳು.

“ಮಧು, ಹೇಳ್ಬಿಡು. ಇಲ್ಲಾಂದ್ರೆ ನಾನೇ ಹೇಳ್ತೀನಿ.”

ಮಧು ಗಿಟಾರಿನ ತಂತಿ ಬಿಗಿಮಾಡತೊಡಗಿದ. ಅವಳೇ ಹೇಳಿದಳು: ಪ್ರತಿ ವಾರ ಮಧು ಹೆಡ್‌ಫೋನಿನ ಆ ತಾಳವನ್ನು ಗುಟ್ಟಾಗಿ ನಿಧಾನ ಮಾಡುತ್ತ ಬಂದಿದ್ದ.

“ಯಾಕ ಹಿಂಗ ಮಾಡ್ದಿ?” ವೀರೇಶ ಕೇಳಿದ.

“ಖುಷಿಯಾಗಿದ್ದೆ ಕಣೋ ನೀನು,” ಎಂದ ಮಧು.

ಶ್ರೀರಾಮ್‌ನನ್ನೇ ಕರೆಸಿ ಎಂದು ವೀರೇಶ ಬೇಡಿಕೊಂಡ. ಮಧು ಒಪ್ಪಲಿಲ್ಲ. ಕರುಣೆಗೆ ಹಾಡಲಾರೆ ಎಂದು ಚೇತನಾ ಬಿಟ್ಟುಹೋದಳು. ತಿಂಗಳೊಳಗೆ ಬ್ಯಾಂಡ್ ಮುಗಿಯಿತು. ಗೋಡೌನು ಪ್ಲೈವುಡ್ಡಿನವರ ಪಾಲಾಯಿತು. ಮಧು, ಚೇತನಾ ಇಬ್ಬರೂ ಬೇರೆಬೇರೆಯಾಗಿ ಬಂದು, ನಿನಗೋಸ್ಕರವೇ ಹೀಗೆ ಮಾಡಿದ್ದು ಎಂದರು. ಅವನನ್ನು ಬಿಟ್ಟು ಮುಂದೆ ಹೋಗಿದ್ದರೆ ಅವರ ಮೇಲೆ ಸಿಟ್ಟನ್ನಾದರೂ ಮಾಡಿಕೊಳ್ಳಬಹುದಿತ್ತು. ಈಗ ಅದೂ ಇಲ್ಲ.

ವೀರೇಶ ಈಗ ಅದೇ ವರ್ಕ್‌ಶಾಪಿನ ಗೇಟಿನಲ್ಲಿ ಕಾವಲಿಗೆ ಕೂರುತ್ತಾನೆ. ಹೋದ ತಿಂಗಳು ಚೇತನಾ ಫೋನ್ ಮಾಡಿದ್ದಳು. ಶ್ರೀರಾಮ್ ಜೊತೆ ಹೊಸ ಬ್ಯಾಂಡ್ ಕಟ್ಟಿದ್ದೇವೆ, ಹಳೆಯ ಹಾಡು ಹಾಡಬಹುದೇ ಎಂದು ಕೇಳಿದಳು. ಹಾಡ್ರಿ ಎಂದ. ಯಾರದು ಫೋನು ಎಂದು ಹೆಂಡತಿ ಶೈಲಾ ಕೇಳಿದಾಗ, ರಾಂಗ್ ನಂಬರ್ ಎಂದು ಹೇಳಿ ಊಟಕ್ಕೆ ಕೂತ.